1982ರ ಕ್ಯಾಲ್–ಸ್ಟ್ಯಾನ್‌ಫರ್ಡ್ ಪಂದ್ಯದ ಲೇಖನ: ಕೊನೆಯ ನಾಲ್ಕು ಸೆಕೆಂಡು ಹೇಗೆ ಬರೆಯೋದು?

ಬಳ್ಳಾರಿ_ಗುಡ್ಡ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಬಳ್ಳಾರಿಯಲ್ಲಿ ಡಿಗ್ರಿ ಓದುತ್ತಿದ್ದೇನೆ. ಕನ್ನಡ ವಿಕಿಪೀಡಿಯಕ್ಕೆ ಅಂತ ಒಂದು ಲೇಖನ ಬರೆದು ಪ್ರಯೋಗಪುಟದಲ್ಲಿ ಇಟ್ಟಿದ್ದೇನೆ. ಮುಖ್ಯ ಪುಟಕ್ಕೆ ಹಾಕುವ ಮೊದಲು ಯಾರಾದರೂ ಕೂತು ಓದಿ, ಎಲ್ಲಿ ತಿದ್ದಬೇಕು ಅಂತ ನೇರವಾಗಿ ಹೇಳಿದರೆ ತುಂಬಾ ಉಪಕಾರ.

ವಿಷಯ ಅಮೆರಿಕದ ಕಾಲೇಜು ಫುಟ್‌ಬಾಲ್. 1982ರ ನವೆಂಬರ್ 20ರಂದು ಬರ್ಕ್ಲಿಯ ಮೆಮೋರಿಯಲ್ ಸ್ಟೇಡಿಯಂನಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ (ಎಲ್ಲರೂ ಕ್ಯಾಲ್ ಅಂತಾರೆ) ಮತ್ತು ಸ್ಟ್ಯಾನ್‌ಫರ್ಡ್ ನಡುವೆ ನಡೆದ ಪಂದ್ಯ. ಕ್ಯಾಲ್ 25–20ರಿಂದ ಗೆದ್ದಿತು. ಆಟಗಾರ ಚೆಂಡು ಹಿಡಿದು ಓಡುತ್ತಿರುವಾಗಲೇ ಎದುರಾಳಿ ಕಾಲೇಜಿನ ಬ್ಯಾಂಡ್ ಮೈದಾನದ ತುಂಬ ನಿಂತಿರುತ್ತೆ, ಆ ವಿಡಿಯೋ ನಿಮ್ಮಲ್ಲಿ ಕೆಲವರಾದರೂ ನೋಡಿರ್ತೀರಿ. ನಮ್ಮ ಗುಂಪಿನಲ್ಲಿ ಜಾಸ್ತಿ ಜನ ಕೋಟೆ, ದೇವಸ್ಥಾನ, ಶಾಸನಗಳ ಬಗ್ಗೆ ಬರೆಯುತ್ತಾರೆ. ಅದು ಆಗಲೇಬೇಕಾದ ಕೆಲಸ. ಆದರೆ ಹೊರದೇಶದ ಒಂದು ಆಟದ ಬಗ್ಗೆಯೂ ಕನ್ನಡದಲ್ಲೇ ಪೂರ್ತಿ ತಿಳಿದುಕೊಳ್ಳುವ ಹಾಗಿರಬೇಕು ಅಂತ ನನಗೆ ಆಸೆ.

ಹಿನ್ನೆಲೆ, ಅಂಕಪಟ್ಟಿ, ಪಂದ್ಯದ ನಂತರ ಏನಾಯಿತು, ಇವೆಲ್ಲ ಬರೆದಾಗಿದೆ. ನನಗೆ ಸಮಾಧಾನ ಆಗದೇ ಇರೋದು ಕೊನೆಯ ಆ ಒಂದು ಓಟದ ಪ್ಯಾರಾ. ಈಗ ಹೀಗಿದೆ:

«ಕ್ರೀಡಾ ಇತಿಹಾಸದಲ್ಲೇ ಅತ್ಯಂತ ರೋಮಾಂಚಕಾರಿ ಕ್ಷಣವೊಂದರಲ್ಲಿ ಕ್ಯಾಲ್ ತಂಡದ ಕೆವಿನ್ ಮೋಯೆನ್ ಚೆಂಡನ್ನು ಹಿಡಿದು, ಐದು ಅದ್ಭುತವಾದ ಲ್ಯಾಟರಲ್‌ಗಳ ನಂತರ, ಬ್ಯಾಂಡ್ ಸದಸ್ಯರ ನಡುವೆ ನುಗ್ಗಿ ಟಚ್‌ಡೌನ್ ಗಳಿಸಿದನು. ರೆಫರಿಯ ವಿವಾದಾತ್ಮಕ ತೀರ್ಪಿನಿಂದಾಗಿ ಸ್ಟ್ಯಾನ್‌ಫರ್ಡ್ ಗೆಲುವಿನಿಂದ ವಂಚಿತವಾಯಿತು.»

ಇದನ್ನು ಹೇಗೆ ಸರಿ ಮಾಡೋದು? ಈ ಆಟದ ನಿಯಮ ಗೊತ್ತಿಲ್ಲದ ಓದುಗರಿಗೆ ಎಷ್ಟು ವಿವರಿಸಬೇಕು? ವಿವಾದದ ಬಗ್ಗೆ ಎಷ್ಟು ಬರೆದರೆ ಸಾಕು?

ಕೊಪ್ಪಳದ_ಅಕ್ಷರ ಉತ್ತರ:

ಲೇಖನ ಪೂರ್ತಿ ಓದಿದೆ ತಂಗಿ. ಹಿನ್ನೆಲೆಯ ಭಾಗ ಚೆನ್ನಾಗಿದೆ. ಎರಡು ಕಾಲೇಜುಗಳ ಈ ಹಳೆ ಪೈಪೋಟಿ 1892ರಲ್ಲಿ ಶುರುವಾದದ್ದು, ಗೆದ್ದವರಿಗೆ ಒಂದು ಕೊಡಲಿ ಪಾರಿತೋಷಕವಾಗಿ ಸಿಗುವುದು, ಅವತ್ತು ಸ್ಟ್ಯಾನ್‌ಫರ್ಡ್‌ನ ಕ್ವಾರ್ಟರ್‌ಬ್ಯಾಕ್ (ಪಾಸ್ ಎಸೆದು ತಂಡದ ದಾಳಿ ನಡೆಸುವ ಆಟಗಾರ) ಜಾನ್ ಎಲ್ವೇ ಕಾಲೇಜು ಮಟ್ಟದಲ್ಲಿ ಆಡಿದ ಕೊನೆಯ ಪಂದ್ಯ, ಇವೆಲ್ಲ ಬೇಕಾದ ಜಾಗದಲ್ಲೇ ಇವೆ. ಅಲ್ಲಿ ಕೈ ಹಾಕಬೇಡ.

ಈಗ ಆ ಪ್ಯಾರಾಕ್ಕೆ ಬರೋಣ. ಅದನ್ನು ಓದಿದ ಮೇಲೆ ಚೆಂಡು ಯಾರ ಕೈಯಿಂದ ಯಾರ ಕೈಗೆ ಹೋಯಿತು ಅಂತ ನನಗೆ ಗೊತ್ತಾಗಲಿಲ್ಲ. ಪಂದ್ಯ ಇಷ್ಟು ಹೆಸರಾಗಿರೋದೇ ಆ ಕೈಬದಲಾವಣೆಯಿಂದ, ಅದೇ "ಲ್ಯಾಟರಲ್" (ಚೆಂಡನ್ನು ಪಕ್ಕಕ್ಕೆ ಅಥವಾ ಹಿಂದಕ್ಕೆ ಕೊಡುವುದು) ಅನ್ನೋ ಒಂದು ಪದದಲ್ಲಿ ಮುಗಿದುಹೋಗಿದೆ. "ರೋಮಾಂಚಕಾರಿ", "ಅದ್ಭುತ" ಎರಡನ್ನೂ ತೆಗೆದುಬಿಡು. ನಡೆದದ್ದನ್ನು ಸಾಲಾಗಿ ಹೇಳಿದರೆ ಓದುವವರಿಗೆ ತಾನಾಗಿ ಮೈ ಜುಮ್ಮೆನ್ನುತ್ತೆ, ನಾವು ಹೇಳಿಕೊಡಬೇಕಾಗಿಲ್ಲ.

"ವಂಚಿತವಾಯಿತು" ಅಂತ ಬರೆದ ಕೂಡಲೇ ನೀನು ಸ್ಟ್ಯಾನ್‌ಫರ್ಡ್ ಕಡೆ ನಿಂತಂತೆ ಆಗುತ್ತೆ. ಅವರ ಕಡೆಯವರು ಇವತ್ತಿಗೂ ಹಾಗೇ ನಂಬಿದ್ದಾರೆ, ಅದು ಅವರ ಅಭಿಪ್ರಾಯ ಅಂತ ಹೆಸರು ಹೇಳಿ ಬರೆಯಬಹುದು. ಲೇಖನದ ಸ್ವಂತ ದನಿಯಲ್ಲಿ ಬರಬಾರದು. ನಡೆದ ಆಟಕ್ಕೆ ಒಂದು ಪ್ಯಾರಾ, ಅದರ ಬಗ್ಗೆ ಇರುವ ತಕರಾರಿಗೆ ಇನ್ನೊಂದು ಪ್ಯಾರಾ ಮಾಡು. ಎರಡೂ ಒಂದೇ ವಾಕ್ಯದಲ್ಲಿ ಕಲೆಸಿದಾಗಲೇ ಪಕ್ಷಪಾತ ನುಸುಳೋದು. ಇಷ್ಟು ವರ್ಷದಿಂದ ಕ್ರೀಡೆಯ ಲೇಖನಗಳನ್ನು ತಿದ್ದುತ್ತಾ ಬಂದಿದ್ದೇನೆ, ಹತ್ತರಲ್ಲಿ ಎಂಟಕ್ಕೆ ಇದೇ ಕಾಯಿಲೆ.

ಇನ್ನೊಂದು. ಮೇಲೆ "ಎಲ್ವೇ ಆಡಿದರು" ಅಂತ ಬರೆದು ಕೆಳಗೆ "ಮೋಯೆನ್ ಗಳಿಸಿದನು" ಅಂತ ಬರೆದಿದ್ದೀಯ. ಎಲ್ಲರಿಗೂ ಬಹುವಚನವೇ ಇರಲಿ, ನಮ್ಮ ಪತ್ರಿಕೆಗಳ ಕ್ರೀಡಾ ಪುಟದಲ್ಲೂ ಹಾಗೇ ಬರೆಯೋದು ಅಲ್ವಾ.

ರಾಯಚೂರು_ಪಿಟಿ_ಮೇಷ್ಟ್ರು ಉತ್ತರ:

ನಾನು ಹೈಸ್ಕೂಲಲ್ಲಿ ದೈಹಿಕ ಶಿಕ್ಷಕ. ತಾಲೂಕು, ಜಿಲ್ಲಾ ಮಟ್ಟದ ಕಬಡ್ಡಿಗೆ ಅಂಪೈರ್ ಆಗಿ ನಿಲ್ಲುತ್ತೇನೆ. ಅದಕ್ಕೇ ನನಗೆ ನಿಮ್ಮ ಲೇಖನದಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ರೆಫರಿ ವಿಷಯ. "ವಿವಾದಾತ್ಮಕ ತೀರ್ಪು" ಅಂತ ಎರಡೇ ಪದದಲ್ಲಿ ಹೇಳಿ ಮುಂದೆ ಹೋಗಿಬಿಟ್ಟಿದ್ದೀರಿ. ತೀರ್ಪು ಹೇಗೆ ಬಂತು ಅನ್ನೋದೇ ಇಲ್ಲಿ ದೊಡ್ಡ ಕಥೆ.

ರೆಫರಿ ಚಾರ್ಲ್ಸ್ ಮಾಫೆಟ್ ಆಮೇಲೆ ತಾವೇ ವಿವರಿಸಿದ್ದಾರೆ. ಗಲಾಟೆ ಮಧ್ಯೆ ತಮ್ಮ ಜೊತೆಯ ಎಲ್ಲಾ ಅಂಪೈರುಗಳನ್ನು ಒಂದು ಕಡೆ ಸೇರಿಸಿದರು. ಯಾರಾದರೂ ಸೀಟಿ ಊದಿದಿರಾ ಅಂತ ಕೇಳಿದರು. ಇಲ್ಲ ಅಂದರು. ಚೆಂಡು ಕೊಟ್ಟದ್ದೆಲ್ಲ ನಿಯಮದ ಪ್ರಕಾರ ಇತ್ತಾ ಅಂತ ಕೇಳಿದರು. ಇತ್ತು ಅಂದರು. ಆಮೇಲೆ ಅವರಲ್ಲೊಬ್ಬರು, ಆ ಹುಡುಗ ಕೊನೆಯ ಗೆರೆ ದಾಟಿ ಟಚ್‌ಡೌನ್ (ಆರು ಅಂಕ) ಮಾಡಿದ್ದಾನೆ ಅಂತ ಹೇಳಿದರು. ಅಲ್ಲಿವರೆಗೂ ಮಾಫೆಟ್ ಅವರಿಗೆ ಅದು ಗೊತ್ತೇ ಇರಲಿಲ್ಲ! ಮುಂದೆ ಅಷ್ಟು ಜನ ತುಂಬಿಕೊಂಡಿದ್ದರು. ಗೊತ್ತಾದ ಮೇಲೆ ಎರಡೂ ಕೈ ಮೇಲಕ್ಕೆ ಎತ್ತಿದರು. ಟಚ್‌ಡೌನ್ ಕೊಟ್ಟಾಯಿತು ಅಂತ ಅರ್ಥ.

ಮೈದಾನದಲ್ಲಿ ನಿಂತು ತೀರ್ಪು ಕೊಟ್ಟವರಿಗೆ ಇದು ಎಷ್ಟು ಕಷ್ಟದ ಕೆಲಸ ಅಂತ ಅರ್ಥ ಆಗುತ್ತೆ. ಅವರ ಕೈಯಲ್ಲಿ ರೀಪ್ಲೇ ಇರಲಿಲ್ಲ. ಕಾಲೇಜು ಫುಟ್‌ಬಾಲಿನಲ್ಲಿ ರೀಪ್ಲೇ ನೋಡಿ ತೀರ್ಪು ತಿದ್ದುವ ಪದ್ಧತಿಯನ್ನು ಬಿಗ್ ಟೆನ್ ಅನ್ನೋ ಕಾಲೇಜುಗಳ ಕೂಟದವರು ಪ್ರಯೋಗ ಅಂತ ಶುರು ಮಾಡಿದ್ದೇ 2004ರಲ್ಲಿ. ಇದನ್ನು ಒಂದು ಸಾಲು ಸೇರಿಸಿ, ಯಾಕಂದ್ರೆ ಈಗಿನ ಹುಡುಗರು ಓದಿದರೆ "ಮತ್ತೆ ಟೀವಿಯಲ್ಲಿ ನೋಡಿ ಹೇಳಬಾರದಿತ್ತಾ" ಅಂತಲೇ ಮೊದಲು ಕೇಳೋದು.

ತಕರಾರು ಎಲ್ಲಿದೆ ಅನ್ನೋದನ್ನೂ ಜಾಗ ಹೇಳಿ ಬರೆಯಿರಿ. ಮುಖ್ಯವಾಗಿ ಎರಡು ಕಡೆ. ಮೂರನೇ ಸಲ ಚೆಂಡು ಕೈ ಬದಲಾದಾಗ ಡ್ವೈಟ್ ಗಾರ್ನರ್ ಅವರನ್ನು ಸ್ಟ್ಯಾನ್‌ಫರ್ಡ್‌ನ ಐದು ಜನ ಮುತ್ತಿಕೊಂಡಿದ್ದರು. ನಮ್ಮ ಕಬಡ್ಡಿಯಲ್ಲಿ ಐದು ಜನ ಕೆಡವಿ ಮೇಲೆ ಬಿದ್ದಾಗ ರೈಡರ್ ಕೈ ಚಾಚಿ ನಡುಗೆರೆ ಮುಟ್ಟಿದನೋ ಇಲ್ಲವೋ ಅಂತ ಅಂಪೈರ್ ಬಗ್ಗಿ ನೋಡಬೇಕಾಗುತ್ತಲ್ಲ, ಅಂಥದ್ದೇ ಪರಿಸ್ಥಿತಿ. ಗಾರ್ನರ್ ಅವರ ಮೊಣಕಾಲು ನೆಲಕ್ಕೆ ತಾಗುವ ಮೊದಲೇ ಚೆಂಡು ಕೈ ಬಿಟ್ಟಿತ್ತಾ ಅನ್ನೋದು ಪ್ರಶ್ನೆ. ತಾಗಿದ್ದರೆ ಆಟ ಅಲ್ಲಿಗೇ ಮುಗಿಯಿತು. ಎರಡನೆಯದು ಕೊನೆಯ ಕೈಬದಲಾವಣೆ. ಅದು ಹಿಂದಕ್ಕೆ ಹೋಯಿತಾ, ಮುಂದಕ್ಕೆ ಹೋಯಿತಾ? ಈ ಆಟದಲ್ಲಿ ಚೆಂಡನ್ನು ಹಿಂದಕ್ಕೆ ಅಥವಾ ಪಕ್ಕಕ್ಕೆ ಎಷ್ಟು ಸಲ ಬೇಕಾದರೂ ಕೊಡಬಹುದು. ಕಿಕ್‌ಆಫ್ (ಅಂಕ ಬಂದ ಮೇಲೆ ಎದುರಾಳಿಗೆ ಒದ್ದು ಕೊಡುವ ಚೆಂಡು) ಹಿಡಿದು ಓಡುವಾಗ ಮುಂದಕ್ಕೆ ಎಸೆಯುವ ಹಾಗಿಲ್ಲ. ಇಷ್ಟು ನಿಯಮ ಹೇಳಿದರೆ ತಕರಾರು ತಾನಾಗಿ ಅರ್ಥ ಆಗುತ್ತೆ.

ಕಬಡ್ಡಿ ಹೋಲಿಕೆ ನಿಮಗೆ ತಿಳಿಯಲಿ ಅಂತ ಇಲ್ಲಿ ಹೇಳಿದೆ. ಲೇಖನಕ್ಕೆ ಹಾಕಬೇಡಿ.

ಸಿಂಧನೂರು_ಗದ್ದೆ ಉತ್ತರ:

ನನಗೆ ವಿಕಿಪೀಡಿಯ ತಿದ್ದೋದು ಗೊತ್ತಿಲ್ಲ, ಈ ಆಟವೂ ಗೊತ್ತಿಲ್ಲ. ಸುಮ್ನೆ ಓದುಗನಾಗಿ ಹೇಳ್ತೀನಿ. ನಿಮ್ಮ ಲೇಖನ ಓದುವಾಗ ನಾನು ಸಿಕ್ಕಿಕೊಂಡ ಜಾಗಗಳು ಇವು.

ಅಂಕ ಗಳಿಸಿದ್ದು ಸ್ಟ್ಯಾನ್‌ಫರ್ಡ್. ಮತ್ತೆ ಚೆಂಡು ಒದ್ದವರೂ ಸ್ಟ್ಯಾನ್‌ಫರ್ಡ್‌ನವರೇ. ಯಾಕೆ? ಗೆದ್ದ ಖುಷಿಗೆ ಕುಣಿದದ್ದಕ್ಕೆ ದಂಡ ಅಂತ ಬರೆದಿದ್ದೀರಿ, ಆ ದಂಡದಿಂದ ಆಟಕ್ಕೆ ಏನು ವ್ಯತ್ಯಾಸ ಆಯಿತು? ಗಡಿಯಾರ ಸೊನ್ನೆಗೆ ಬಂದ ಮೇಲೂ ಆಟ ಹೇಗೆ ನಡೆಯಿತು? ಬ್ಯಾಂಡ್‌ನವರು ಅಲ್ಲಿಗೆ ಯಾಕೆ ಬಂದರು, ಅವರಿಗೆ ಆಟ ನಡೀತಿದೆ ಅಂತ ಗೊತ್ತಿರಲಿಲ್ವಾ? ಈ ನಾಲ್ಕಕ್ಕೆ ಉತ್ತರ ಸಿಕ್ಕಿದ್ದರೆ ನಾನು ಒಂದೇ ಉಸಿರಿಗೆ ಓದಿಬಿಡುತ್ತಿದ್ದೆ. ಬೇರೆ ನಿಯಮ ಯಾವುದೂ ಬೇಕು ಅನ್ನಿಸಲಿಲ್ಲ. ನೀವು ಶುರುವಿನಲ್ಲಿ ಆಟದ ನಿಯಮ ಅಂತ ಒಂದು ಉದ್ದ ಭಾಗ ಹಾಕಿದ್ದೀರಿ, ಅದನ್ನು ನಾನು ಹಾರಿಸಿ ಹೋದೆ.

ಇನ್ನೊಂದು ವಿಷಯ, ಎಲ್ಲಾ ಕಡೆ ಗಜದ ಲೆಕ್ಕ ಇದೆ. ಪಕ್ಕದಲ್ಲಿ ಮೀಟರ್ ಹಾಕಿ.

ಕೊಪ್ಪಳದ_ಅಕ್ಷರ ಉತ್ತರ:

ಸಿಂಧನೂರಿನವರು ಹೇಳಿದ್ದು ನೂರಕ್ಕೆ ನೂರು ಸರಿ. ಆ ನಿಯಮದ ಭಾಗ ಪೂರ್ತಿ ತೆಗೆದು, ಅಮೆರಿಕನ್ ಫುಟ್‌ಬಾಲ್ ಲೇಖನಕ್ಕೆ ಒಂದು ಕೊಂಡಿ ಕೊಡು. ನಿಯಮವನ್ನು ಬೇಕಾದ ಜಾಗದಲ್ಲಿ, ಬೇಕಾದಷ್ಟೇ, ಅದೇ ವಾಕ್ಯದ ಬಾಲಕ್ಕೆ ಹೇಳು. ಒಂದು ಪಂದ್ಯದ ಲೇಖನ ಓದಲು ಬಂದವರು ಇಡೀ ಆಟ ಕಲಿಯಲು ಬಂದಿರಲ್ಲ.

ಮೇಷ್ಟ್ರು ಹೇಳಿದ ಮಾಫೆಟ್ ಅವರ ಮಾತು ಸೇರಿಸುವಾಗ, ಅದು ಅವರೇ ಆಮೇಲೆ ಹೇಳಿದ್ದು ಅಂತ ಸ್ಪಷ್ಟ ಮಾಡಿ, ಅದೇ ಸಾಲಿಗೆ ಉಲ್ಲೇಖ ಕೊಡು. ಪ್ಯಾರಾದ ಕೊನೆಗೆ ಒಂದೇ ಉಲ್ಲೇಖ ಹಾಕಿದರೆ ಯಾವ ಸಾಲಿಗೆ ಯಾವ ಮೂಲ ಅಂತ ನಾಳೆ ತಿದ್ದುವವರಿಗೆ ಗೊತ್ತಾಗಲ್ಲ.

ಬಳ್ಳಾರಿ_ಗುಡ್ಡ ಉತ್ತರ:

ಅಕ್ಕ, ಸರ್, ಸಿಂಧನೂರಿನ ಅಣ್ಣ, ಮೂವರಿಗೂ ತುಂಬಾ ಥ್ಯಾಂಕ್ಸ್. ನಿಯಮದ ಭಾಗ ತೆಗೆದಿದ್ದೇನೆ. ಆ ಪ್ಯಾರಾ ಹೊಸದಾಗಿ ಬರೆದಿದ್ದೇನೆ, ಹೀಗಿದೆ:

«ಅರ್ಧ ಪಂದ್ಯದ ಹೊತ್ತಿಗೆ ಕ್ಯಾಲ್ 10–0ರಿಂದ ಮುಂದಿತ್ತು. ಕೊನೆಯ ಒಂದು ನಿಮಿಷದಲ್ಲಿ ಸ್ಟ್ಯಾನ್‌ಫರ್ಡ್ 17–19ರಿಂದ ಹಿಂದಿತ್ತು, ಚೆಂಡು ಅದರ ಸ್ವಂತ 13 ಗಜದ ಗೆರೆಯಲ್ಲಿತ್ತು. ನಾಲ್ಕನೇ ಹಾಗೂ ಕೊನೆಯ ಅವಕಾಶದಲ್ಲಿ 17 ಗಜ ಬೇಕಿದ್ದಾಗ ಎಲ್ವೇ 29 ಗಜದ (ಸುಮಾರು 27 ಮೀಟರ್) ಪಾಸ್ ಎಸೆದು ಆಟ ಉಳಿಸಿದರು. 8 ಸೆಕೆಂಡು ಬಾಕಿ ಇದ್ದಾಗ ಸ್ಟ್ಯಾನ್‌ಫರ್ಡ್ ಟೈಮ್‌ಔಟ್ ಪಡೆಯಿತು. ಮಾರ್ಕ್ ಹಾರ್ಮನ್ 35 ಗಜದಿಂದ ಫೀಲ್ಡ್ ಗೋಲ್ (ಕಂಬಗಳ ನಡುವೆ ಚೆಂಡು ಒದ್ದು ಗಳಿಸುವ 3 ಅಂಕ) ಹೊಡೆದರು. ಸ್ಟ್ಯಾನ್‌ಫರ್ಡ್ 20–19ರಿಂದ ಮುಂದಾಯಿತು, 4 ಸೆಕೆಂಡು ಉಳಿದಿತ್ತು.

ಅಂಕ ಗಳಿಸಿದ ತಂಡವೇ ಮತ್ತೆ ಚೆಂಡು ಒದ್ದು ಎದುರಾಳಿಗೆ ಕೊಡುವುದು ಈ ಆಟದ ನಿಯಮ. ಫೀಲ್ಡ್ ಗೋಲ್ ನಂತರದ ಸಂಭ್ರಮಕ್ಕೆ ಸ್ಟ್ಯಾನ್‌ಫರ್ಡ್‌ಗೆ 15 ಗಜದ ದಂಡ ಬಿದ್ದಿದ್ದರಿಂದ 40 ಗಜದ ಗೆರೆಯ ಬದಲು 25 ಗಜದ ಗೆರೆಯಿಂದ ಒದೆಯಬೇಕಾಯಿತು. ಹಾಗಾಗಿ ಕ್ಯಾಲ್ ಓಡಬೇಕಾದ ದೂರ ಕಡಿಮೆಯಾಯಿತು. ಹಾರ್ಮನ್ ಚೆಂಡು ನೆಲದಲ್ಲಿ ಪುಟಿದು ಹೋಗುವಂತೆ ಒದ್ದರು. ಕೆವಿನ್ ಮೋಯೆನ್ ಅದನ್ನು ಎತ್ತಿಕೊಂಡು ರಿಚರ್ಡ್ ರಾಜರ್ಸ್ ಅವರಿಗೆ ಕೊಟ್ಟರು. ರಾಜರ್ಸ್ ಬಹುಬೇಗ ಡ್ವೈಟ್ ಗಾರ್ನರ್ ಅವರಿಗೆ ದಾಟಿಸಿದರು. ಗಾರ್ನರ್ ಸ್ವಲ್ಪ ಮುಂದೆ ಓಡುವಷ್ಟರಲ್ಲಿ ಎದುರಾಳಿಗಳು ಸುತ್ತುವರಿದರು. ಬೀಳುತ್ತಲೇ ಚೆಂಡನ್ನು ಮತ್ತೆ ರಾಜರ್ಸ್ ಅವರಿಗೆ ಎಸೆದರು. ಗಾರ್ನರ್ ಬಿದ್ದಾಗ ಪಂದ್ಯ ಮುಗಿಯಿತೆಂದು ಭಾವಿಸಿ ಸ್ಟ್ಯಾನ್‌ಫರ್ಡ್ ಬ್ಯಾಂಡ್ ಮತ್ತು ಕೆಲವು ಆಟಗಾರರು ಮೈದಾನದೊಳಗೆ ಬಂದರು. ಗಡಿಯಾರ ಸೊನ್ನೆಗೆ ಬಂದಿದ್ದರೂ ಚೆಂಡು ಆಟದಲ್ಲಿರುವವರೆಗೆ ಪಂದ್ಯ ಮುಗಿಯುವುದಿಲ್ಲ. ರಾಜರ್ಸ್ ಚೆಂಡನ್ನು ಮಾರಿಯೆಟ್ ಫೋರ್ಡ್ ಅವರಿಗೆ ಕೊಟ್ಟರು. ಫೋರ್ಡ್ ಮುಂದೆ ಓಡಿ, ಎದುರಾಳಿಗಳ ಮೇಲೆ ಬೀಳುವ ಹೊತ್ತಿಗೆ ಹಿಂದೆ ನೋಡದೆ ಹೆಗಲ ಮೇಲಿಂದ ಚೆಂಡು ಎಸೆದರು. ಅದನ್ನು ಹಿಡಿದದ್ದು ಮೊದಲು ಚೆಂಡು ಎತ್ತಿಕೊಂಡಿದ್ದ ಮೋಯೆನ್. ಅವರು ಬ್ಯಾಂಡ್ ಸದಸ್ಯರ ನಡುವೆ ಓಡಿ ಗೆರೆ ದಾಟಿ, ಟ್ರಾಂಬೋನ್ ನುಡಿಸುತ್ತಿದ್ದ ಗ್ಯಾರಿ ಟೈರೆಲ್ ಅವರಿಗೆ ಡಿಕ್ಕಿ ಹೊಡೆದರು.»

ತಕರಾರಿನ ಪ್ಯಾರಾ ಬೇರೆ ಮಾಡಿದ್ದೇನೆ. ಅದರಲ್ಲಿ ಗಾರ್ನರ್ ಅವರ ಮೊಣಕಾಲು, ಕೊನೆಯ ಎಸೆತ, ಮಾಫೆಟ್ ಅವರ ವಿವರಣೆ, ರೀಪ್ಲೇ ಇಲ್ಲದ ಕಾಲ, ಇಷ್ಟು ಇದೆ. ಜನ ಮೈದಾನಕ್ಕೆ ಬಂದದ್ದಕ್ಕೆ ಸ್ಟ್ಯಾನ್‌ಫರ್ಡ್ ಮೇಲೆ ದಂಡದ ಬಾವುಟ ಬಿದ್ದಿತ್ತು ಅನ್ನೋದನ್ನೂ ಸೇರಿಸಿದ್ದೇನೆ.

ಎರಡು ಸಂದೇಹ. ಪಂದ್ಯದ ನಂತರದ ಭಾಗದಲ್ಲಿ, ಅಮೆರಿಕದ ಕಾಲೇಜು ಕ್ರೀಡೆಗಳನ್ನು ನೋಡಿಕೊಳ್ಳುವ ಎನ್‌ಸಿಎಎ ಸಂಸ್ಥೆ ತೀರ್ಪು ಬದಲಿಸಿ ಸ್ಟ್ಯಾನ್‌ಫರ್ಡ್‌ಗೆ ಗೆಲುವು ಕೊಟ್ಟಿತು ಅಂತ ಒಂದು ಹಳೆ ಪತ್ರಿಕೆಯ ಪುಟದ ಚಿತ್ರ ಸಿಕ್ಕಿದೆ, ಬೇರೆ ಎಲ್ಲಾ ಕಡೆ 25–20 ಅಂತಲೇ ಇದೆ. ಮತ್ತೆ, ಫೋಟೋ ಯಾವುದು ಹಾಕೋದು?

ರಾಯಚೂರು_ಪಿಟಿ_ಮೇಷ್ಟ್ರು ಉತ್ತರ:

ಈಗ ನೋಡಿ, ಕಣ್ಣು ಮುಚ್ಚಿಕೊಂಡರೆ ಆಟ ಕಾಣುತ್ತೆ! ಐದು ಸಲ ಚೆಂಡು ಕೈ ಬದಲಾಗಿದ್ದು ಎಣಿಸಿ ನೋಡಿದೆ, ಸರಿ ಇದೆ. ನಾಲ್ಕು ಆಟಗಾರರು, ಐದು ಕೈಬದಲಾವಣೆ.

ಟೈಮ್‌ಔಟ್ ಬಗ್ಗೆ ನೀವು ಬರೆದ ರೀತಿ ನನಗೆ ಇಷ್ಟವಾಯಿತು. 8 ಸೆಕೆಂಡಿಗೆ ಪಡೆದರು, ಒದೆತಕ್ಕೆ 4 ಸೆಕೆಂಡು ಹೋಯಿತು, 4 ಉಳಿಯಿತು. ಇನ್ನು ನಾಲ್ಕು ಸೆಕೆಂಡು ತಡೆದಿದ್ದರೆ ಕಿಕ್‌ಆಫ್ ಮಾಡುವ ಪ್ರಮೇಯವೇ ಬರುತ್ತಿರಲಿಲ್ಲ ಅಂತ ಓದುಗರೇ ಲೆಕ್ಕ ಹಾಕಿಕೊಳ್ಳುತ್ತಾರೆ. ಎಲ್ವೇ ಅವರ ಮೇಲೆ ಗೂಬೆ ಕೂರಿಸುವ ಸಾಲು ಬೇಡವೇ ಬೇಡ. ಸೋಲಿನ ಬೆಲೆ ಬೇಕಿದ್ದರೆ ಹೇಳಿ: ಸ್ಟ್ಯಾನ್‌ಫರ್ಡ್ ಆ ವರ್ಷ 5 ಗೆಲುವು 6 ಸೋಲಿಗೆ ಮುಗಿಸಿತು, ವರ್ಷಾಂತ್ಯದ ಬೌಲ್ ಪಂದ್ಯಕ್ಕೆ ಕರೆ ಬರಲಿಲ್ಲ, ಎಲ್ವೇ ಕಾಲೇಜಿನಲ್ಲಿದ್ದಷ್ಟು ಕಾಲ ಒಂದೂ ಬೌಲ್ ಪಂದ್ಯ ಆಡಲಿಲ್ಲ. ಮುಂದಿನ ವರ್ಷ ಅವರನ್ನೇ ವೃತ್ತಿಪರ ಲೀಗಿನ ಆಯ್ಕೆಯಲ್ಲಿ ಎಲ್ಲರಿಗಿಂತ ಮೊದಲು ಆರಿಸಿದರು.

ಕೊಪ್ಪಳದ_ಅಕ್ಷರ ಉತ್ತರ:

ತುಂಬಾ ಚೆನ್ನಾಗಿ ಬಂದಿದೆ. ಮೊದಲಿನದಕ್ಕೂ ಇದಕ್ಕೂ ಹೋಲಿಸೋ ಹಾಗೇ ಇಲ್ಲ. ಸಣ್ಣ ತಿದ್ದುಪಡಿ: "ಬಹುಬೇಗ" ತೆಗೆ. "ಬೀಳುತ್ತಲೇ" ಅನ್ನೋದನ್ನೂ ಬದಲಿಸು. ಗಾರ್ನರ್ ಬಿದ್ದಿದ್ದರಾ ಇಲ್ಲವಾ ಅನ್ನೋದೇ ತಕರಾರು ತಾನೇ, ನೀನು ಆಟದ ಪ್ಯಾರಾದಲ್ಲೇ ಬಿದ್ದರು ಅಂತ ಬರೆದರೆ ತೀರ್ಪು ಕೊಟ್ಟ ಹಾಗಾಯಿತು. "ಎದುರಾಳಿಗಳು ಹಿಡಿದು ಕೆಡವುತ್ತಿರುವಾಗ ಚೆಂಡನ್ನು ಮತ್ತೆ ರಾಜರ್ಸ್ ಅವರಿಗೆ ಎಸೆದರು" ಅಂತ ಮಾಡು. ಮುಂದಿನ ವಾಕ್ಯದಲ್ಲೂ "ಗಾರ್ನರ್ ಬಿದ್ದಾಗ" ಬೇಡ, "ಗಾರ್ನರ್ ಅವರನ್ನು ಕೆಡವಿದರೆಂದು, ಪಂದ್ಯ ಮುಗಿಯಿತೆಂದು ಭಾವಿಸಿ" ಅಂದರೆ ಅದು ಬ್ಯಾಂಡಿನವರ ನಂಬಿಕೆ ಅಷ್ಟೇ ಆಗುತ್ತೆ.

ಈಗ ಆ ಪತ್ರಿಕೆ ವಿಷಯ. ಅದನ್ನು ಮೂಲವಾಗಿ ಕೊಡಲೇಬೇಡ. ಅದು ನಕಲಿ. ಬರ್ಕ್ಲಿಯ ವಿದ್ಯಾರ್ಥಿ ಪತ್ರಿಕೆ ಡೈಲಿ ಕ್ಯಾಲಿಫೋರ್ನಿಯನ್ ಹೆಸರಲ್ಲಿ, ಅದೇ ರೂಪದಲ್ಲಿ, ಸ್ಟ್ಯಾನ್‌ಫರ್ಡ್‌ನ ವಿದ್ಯಾರ್ಥಿ ಪತ್ರಿಕೆಯ ಹುಡುಗರು ಪಂದ್ಯವಾದ ನಾಲ್ಕು ದಿನಕ್ಕೆ ಒಂದು ಸಂಚಿಕೆ ಅಚ್ಚು ಹಾಕಿ ಬರ್ಕ್ಲಿ ಕ್ಯಾಂಪಸ್ಸಿನಲ್ಲೇ ಹಂಚಿದ್ದರು. ಗೆಲುವು ಸ್ಟ್ಯಾನ್‌ಫರ್ಡ್‌ಗೆ ಹೋಯಿತು ಅಂತ ಅದರಲ್ಲಿ ಮುಖ್ಯ ಸುದ್ದಿ. ಎಷ್ಟೋ ಜನ ನಂಬಿದರು. ಪುಟದ ಚಿತ್ರ ಮಾತ್ರ ಕೈಗೆ ಸಿಕ್ಕರೆ ಇವತ್ತೂ ಯಾರು ಬೇಕಾದರೂ ನಂಬುತ್ತಾರೆ. ನೀನು ಬೇರೆ ಮೂಲಗಳ ಜೊತೆ ತಾಳೆ ನೋಡಿ ಕೇಳಿದ್ದು ಒಳ್ಳೇದಾಯಿತು. ಆ ನಕಲಿ ಸಂಚಿಕೆಯ ಕಥೆಯನ್ನೇ "ಪಂದ್ಯದ ನಂತರ" ಭಾಗದಲ್ಲಿ ಎರಡು ಸಾಲಲ್ಲಿ ಬರೆ, ಅದಕ್ಕೆ ಸ್ವತಂತ್ರ ಮೂಲ ಕೊಡು. ಪಾರಿತೋಷಕದ ವಿಷಯವೂ ಹಾಗೇ. ಆ ಕೊಡಲಿ ಸ್ಟ್ಯಾನ್‌ಫರ್ಡ್ ಕೈಗೆ ಬಂದಾಗಲೆಲ್ಲ ಅವರು ಫಲಕದ ಮೇಲೆ 1982ರ ಅಂಕವನ್ನು 20–19 ಅಂತ ಬದಲಿಸುತ್ತಾರೆ, ಕ್ಯಾಲ್‌ಗೆ ಹೋದಾಗ ಮತ್ತೆ 25–20 ಆಗುತ್ತೆ. ಫಲಕದ ಫೋಟೋ ನೋಡಿ ಯಾರಾದರೂ ನಾಳೆ ನಿನ್ನ ಅಂಕಪಟ್ಟಿ ತಿದ್ದಲು ಬರಬಹುದು, ಅದಕ್ಕೇ ಚರ್ಚಾಪುಟದಲ್ಲಿ ಈಗಲೇ ಒಂದು ಟಿಪ್ಪಣಿ ಹಾಕಿಡು. ಅಧಿಕೃತ ಅಂಕ 25–20.

ರೇಡಿಯೋ ವೀಕ್ಷಕ ವಿವರಣೆಗಾರ ಜೋ ಸ್ಟಾರ್ಕಿ ಅವರ ಬಗ್ಗೆ ಒಂದು ಸಾಲು ಸೇರಿಸು. ಬ್ಯಾಂಡ್ ಮೈದಾನದಲ್ಲಿದೆ ಅಂತ ಅವರು ಕೂಗಿ ಹೇಳಿದ ಮಾತು ಪಂದ್ಯದಷ್ಟೇ ಹೆಸರಾಗಿದೆ. ಟೈರೆಲ್ ಅವರ ಜಜ್ಜಿಹೋದ ಟ್ರಾಂಬೋನ್ ಕಾಲೇಜು ಫುಟ್‌ಬಾಲ್ ಹಾಲ್ ಆಫ್ ಫೇಮ್ ಸೇರಿದ್ದೂ ಇರಲಿ. ಆಟಗಾರರ ಮುಂದಿನ ಜೀವನ, ಮಕ್ಕಳು ಏನಾದರು, ಅದೆಲ್ಲ ಇಲ್ಲಿ ಬೇಡ. ಪಂದ್ಯದ ಲೇಖನ ಪಂದ್ಯದ್ದೇ ಆಗಿರಲಿ.

ಫೋಟೋಗೆ ಟೀವಿ ವಿಡಿಯೋದಿಂದ ಸ್ಕ್ರೀನ್‌ಶಾಟ್ ತೆಗೆಯಬೇಡ, ಅದಕ್ಕೆ ಹಕ್ಕುಸ್ವಾಮ್ಯ ಇರುತ್ತೆ, ಕಾಮನ್ಸ್‌ನಲ್ಲಿ (ವಿಕಿಪೀಡಿಯದ ಚಿತ್ರ ಭಂಡಾರ) ಅಳಿಸಿಹಾಕುತ್ತಾರೆ. ಸ್ಟೇಡಿಯಂನ ಮುಕ್ತ ಪರವಾನಗಿಯ ಚಿತ್ರ ಕಾಮನ್ಸ್‌ನಲ್ಲೇ ಸಿಗುತ್ತೆ, ಒಂದು ಹಾಕು. ಅದಕ್ಕಿಂತ ಮುಖ್ಯ ಒಂದು ನಕ್ಷೆ. ಮೈದಾನ ಬರೆದು, ಐದು ಕೈಬದಲಾವಣೆಗೂ ಬಾಣದ ಗುರುತು, ಆಟಗಾರರ ಹೆಸರು ಕನ್ನಡದಲ್ಲಿ. ನೀನೇ ಬರೆದದ್ದಾದರೆ ಹಕ್ಕಿನ ತೊಂದರೆ ಇಲ್ಲ.

ಸಿಂಧನೂರು_ಗದ್ದೆ ಉತ್ತರ:

ಹೊಸ ಪ್ಯಾರಾ ಓದಿದೆ. ನನ್ನ ನಾಲ್ಕೂ ಪ್ರಶ್ನೆಗೆ ಉತ್ತರ ಸಿಕ್ತು. ಮನೇಲಿ ತಮ್ಮನಿಗೂ ಓದಿ ಹೇಳಿದೆ, ಅವನು ಆಮೇಲೆ ವಿಡಿಯೋ ಹುಡುಕಿ ನೋಡಿದ, ಈಗ ಗಾರ್ನರ್ ಮೊಣಕಾಲಿನ ಬಗ್ಗೆ ನನ್ನ ಜೊತೆ ವಾದಕ್ಕೆ ಕೂತಿದ್ದಾನೆ. ನಕ್ಷೆ ಹಾಕಿ, ಖಂಡಿತ ಬೇಕು. ಬಾಣಗಳಿಗೆ 1ರಿಂದ 5 ಅಂತ ಸಂಖ್ಯೆ ಕೊಡಿ. ಬರೀ ಬಾಣ ಆದರೆ ರಾಜರ್ಸ್ ಎರಡು ಸಲ, ಮೋಯೆನ್ ಎರಡು ಸಲ ಬರೋದು ಗೊಂದಲ ಆಗುತ್ತೆ.

ಬಳ್ಳಾರಿ_ಗುಡ್ಡ ಉತ್ತರ:

ಅಕ್ಕ ಹೇಳಿದ ತಿದ್ದುಪಡಿ ಎಲ್ಲಾ ಮಾಡಿದೆ. "ಬೀಳುತ್ತಲೇ" ಹೋಯಿತು, "ಬಿದ್ದಾಗ" ಕೂಡ ಹೋಯಿತು. ನಕಲಿ ಪತ್ರಿಕೆ, ಕೊಡಲಿಯ ಫಲಕ ಎರಡೂ "ಪಂದ್ಯದ ನಂತರ" ಭಾಗಕ್ಕೆ ಬಂದಿವೆ, ಚರ್ಚಾಪುಟದಲ್ಲಿ ಅಂಕದ ಬಗ್ಗೆ ಟಿಪ್ಪಣಿಯೂ ಇದೆ. ನಕ್ಷೆ ಇಂಕ್‌ಸ್ಕೇಪ್‌ನಲ್ಲಿ ಬರೆಯುತ್ತಿದ್ದೇನೆ, ಸಂಖ್ಯೆ ಹಾಕಿಯೇ ಬರೆಯುತ್ತೇನೆ ಅಣ್ಣ. ಕಾಮನ್ಸ್‌ಗೆ ಏರಿಸಿದ ಕೂಡಲೇ ಇಲ್ಲಿ ಕೊಂಡಿ ಹಾಕ್ತೀನಿ. ಈ ಎರಡು ಕಾಲೇಜುಗಳ ಪಂದ್ಯಕ್ಕೆ "ಬಿಗ್ ಗೇಮ್" ಅಂತಾರಲ್ಲ, ಲೇಖನದ ಶೀರ್ಷಿಕೆ "1982ರ ಬಿಗ್ ಗೇಮ್" ಅಂತ ಇಟ್ಟು, ಆ ಕೊನೆಯ ಓಟದ ಹೆಸರಾದ "ದಿ ಪ್ಲೇ" ಅಂತ ಹುಡುಕಿದವರೂ ಇಲ್ಲಿಗೇ ಬರುವ ಹಾಗೆ ಪುನರ್ನಿರ್ದೇಶನ ಮಾಡಲಾ ಅಕ್ಕ?

ಕೊಪ್ಪಳದ_ಅಕ್ಷರ ಉತ್ತರ:

ಹಾಗೇ ಮಾಡು. ಪೀಠಿಕೆಯ ಮೊದಲ ವಾಕ್ಯದಲ್ಲಿ ಎರಡೂ ಹೆಸರು ದಪ್ಪಕ್ಷರದಲ್ಲಿ ಇರಲಿ. ಪೀಠಿಕೆಯಲ್ಲಿ ದಿನಾಂಕ, ಜಾಗ, ಅಂಕ, ಐದು ಲ್ಯಾಟರಲ್, ಬ್ಯಾಂಡ್, ತಕರಾರು ಇನ್ನೂ ಇದೆ ಅನ್ನೋದು, ಇಷ್ಟು ಬಂದರೆ ಸಾಕು. ನಕ್ಷೆ ಬಂದ ಮೇಲೆ ಉಲ್ಲೇಖಗಳನ್ನು ಒಂದೊಂದಾಗಿ ತೆರೆದು ನಾನು ತಾಳೆ ನೋಡ್ತೀನಿ, ಆಮೇಲೆ ಮುಖ್ಯ ಪುಟಕ್ಕೆ ಸರಿಸೋಣ.